ಅಮೆರಿಕದ ಹೈಸ್ಕೂಲಿನಲ್ಲಿ ಅಮೆರಿಕನ್ ಸಾಹಿತ್ಯ, ಪ್ರಬಂಧ ಬರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಅಪ್ಪ-ಅಮ್ಮಂದಿರೂ ಹೈಸ್ಕೂಲಿನ ಮಕ್ಕಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಊರಲ್ಲಿ ಒಂಬತ್ತೋ ಹತ್ತೋ ಮುಗಿಸಿ ನೇರ ಇಲ್ಲಿನ ಶಾಲೆಗೆ ಸೇರಿದವರ ಪ್ರಶ್ನೆಗಳೂ ಇವೆ. ಬೇಕಾದ್ದನ್ನಷ್ಟೇ ಹುಡುಕಿ ಓದಿಕೊಳ್ಳಬಹುದು.

## ಆರಂಭದ ಪ್ರಶ್ನೆಗಳು

ಮಗಳು ಹನ್ನೊಂದನೇ ಗ್ರೇಡಿಗೆ ಬಂದಳು. ಇಂಗ್ಲಿಷ್ ಕ್ಲಾಸಲ್ಲಿ ವರ್ಷಪೂರ್ತಿ ಅಮೆರಿಕನ್ ಸಾಹಿತ್ಯವೇನಾ?

ಹೆಚ್ಚಿನ ಶಾಲೆಗಳಲ್ಲಿ ಹೌದು. ಹತ್ತರಲ್ಲಿ ವಿಶ್ವಸಾಹಿತ್ಯ, ಹನ್ನೊಂದರಲ್ಲಿ ಅಮೆರಿಕನ್, ಹನ್ನೆರಡರಲ್ಲಿ ಬ್ರಿಟಿಷ್ ಸಾಹಿತ್ಯ ಅಥವಾ ಆಯ್ಕೆಯ ವಿಷಯ ಎನ್ನುವುದು ಹಳೆಯ ರೂಢಿ. ಆದರೆ ಇಡೀ ದೇಶಕ್ಕೆ ಒಂದೇ ಪಠ್ಯಪುಸ್ತಕ ಎಂಬುದಿಲ್ಲ. ರಾಜ್ಯ, ಡಿಸ್ಟ್ರಿಕ್ಟ್, ಕೊನೆಗೆ ಟೀಚರ್ ಕೂಡ ಬದಲಾಯಿಸಬಹುದು. ಯಾವ ಗ್ರೇಡಿನಲ್ಲಿ ಏನು ಕಲಿಯಬೇಕೆಂದು ಹೇಳುವ, 2010ರಲ್ಲಿ ಬಂದು ಹಲವು ರಾಜ್ಯಗಳು ಒಪ್ಪಿಕೊಂಡ ಕಾಮನ್ ಕೋರ್ ಮಾನದಂಡಗಳಲ್ಲಿ 11-12ನೇ ಗ್ರೇಡಿಗೆ 18, 19ನೇ ಶತಮಾನ ಮತ್ತು 20ನೇ ಶತಮಾನದ ಆರಂಭದ ಅಮೆರಿಕನ್ ಕೃತಿಗಳು, ಒಂದು ಶೇಕ್ಸ್‌ಪಿಯರ್ ನಾಟಕ, ಒಬ್ಬ ಅಮೆರಿಕನ್ ನಾಟಕಕಾರನ ನಾಟಕ ಇರಬೇಕೆಂದಿದೆ. ಜೊತೆಗೆ ಸ್ವಾತಂತ್ರ್ಯ ಘೋಷಣೆ, ಲಿಂಕನ್ನರ ಎರಡನೇ ಪದಗ್ರಹಣ ಭಾಷಣದಂಥ ದಾಖಲೆಗಳು. ಹಾಗಾಗಿ ಸಾಹಿತ್ಯದ ಕ್ಲಾಸಿನಲ್ಲಿ ಭಾಷಣ, ಪತ್ರ, ಸರ್ಕಾರಿ ಘೋಷಣೆ ಓದಿಸಿದರೆ ದಾರಿ ತಪ್ಪಿದ್ದಾರೆ ಅಂದುಕೊಳ್ಳಬೇಡಿ. ಅವೂ ಪಠ್ಯವೇ.

ಯಾವ ಯಾವ ಪುಸ್ತಕ ಬರುತ್ತವೆ? ಬೇಸಿಗೆ ರಜೆಯಲ್ಲೇ ತಂದಿಟ್ಟುಕೊಳ್ಳೋಣ ಅಂತ.

ಪದೇ ಪದೇ ಕಾಣುವವು: ಹಾಥಾರ್ನ್ ಬರೆದ ‘ದಿ ಸ್ಕಾರ್ಲೆಟ್ ಲೆಟರ್’ (1850), ಫ್ರೆಡರಿಕ್ ಡಗ್ಲಾಸ್ ಅವರ ಆತ್ಮಕಥನ (1845), ಥೋರೋನ ‘ವಾಲ್ಡನ್’ನಿಂದ (1854) ಆಯ್ದ ಭಾಗಗಳು, ವಿಟ್ಮನ್ ಮತ್ತು ಎಮಿಲಿ ಡಿಕಿನ್ಸನ್ ಕವಿತೆಗಳು, ಟ್ವೈನ್‌ನ ‘ಹಕಲ್‌ಬೆರಿ ಫಿನ್’, ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ (1925), ಝೋರಾ ನೀಲ್ ಹರ್ಸ್ಟನ್‌ಳ ‘ದೆಯರ್ ಐಸ್ ವರ್ ವಾಚಿಂಗ್ ಗಾಡ್’ (1937), ಆರ್ಥರ್ ಮಿಲ್ಲರ್‌ನ ‘ದಿ ಕ್ರೂಸಿಬಲ್’ (1953), ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದಿ ಸನ್’ (1959). ಎಲ್ಲವನ್ನೂ ಓದಿಸುವ ಶಾಲೆ ಇರಲಾರದು; ಮೂರೋ ನಾಲ್ಕೋ ಪೂರ್ಣ ಪುಸ್ತಕ, ಉಳಿದದ್ದು ಬಿಡಿ ಭಾಗಗಳು.

ಹಳೆಯ ಕೃತಿಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಇ-ಪುಸ್ತಕಗಳ ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಗ್ಯಾಟ್ಸ್‌ಬಿಯ ಹಕ್ಕುಸ್ವಾಮ್ಯವೂ 2021ರ ಜನವರಿ 1ಕ್ಕೆ ಮುಗಿಯಿತು. ಆದರೂ ಟೀಚರ್ ಹೇಳಿದ ಮುದ್ರಣವನ್ನೇ ಕೊಳ್ಳಿ, ಇಲ್ಲವೇ ಶಾಲೆಯಿಂದ ಪಡೆಯಿರಿ. ಪ್ರಬಂಧದಲ್ಲಿ ಪುಟಸಂಖ್ಯೆ ಕೊಡಬೇಕು, ಕ್ಲಾಸಿನಲ್ಲಿ ‘ಪುಟ 92 ತೆಗೀರಿ’ ಅಂದಾಗ ನಿಮ್ಮಲ್ಲೂ ಅದೇ ಪುಟ ತೆರೆಯಬೇಕು. ಡಿಕಿನ್ಸನ್ ವಿಷಯದಲ್ಲಿ ಇನ್ನೂ ಎಚ್ಚರ: ಆಕೆ ಸತ್ತ ಮೇಲೆ 1890ರಲ್ಲಿ ಬಂದ ಮೊದಲ ಸಂಕಲನದಲ್ಲಿ ಸಂಪಾದಕರು ಆಕೆಯ ವೈಶಿಷ್ಟ್ಯವಾದ ಅಡ್ಡಗೆರೆಗಳನ್ನು (ಡ್ಯಾಶ್) ತಿದ್ದಿ, ಆಕೆ ಇಡದ ಶೀರ್ಷಿಕೆಗಳನ್ನು ಇಟ್ಟರು. ಸಾವು ಗಾಡಿ ನಿಲ್ಲಿಸಿ ಹತ್ತಿಸಿಕೊಂಡು ಹೋಗುವ ಪ್ರಸಿದ್ಧ ಕವಿತೆಯಲ್ಲಂತೂ ಒಂದು ಚರಣವನ್ನೇ ಬಿಟ್ಟಿದ್ದಾರೆ. ಆಕೆಯ ಹಸ್ತಪ್ರತಿಗೆ ಹತ್ತಿರವಾದ ಪಾಠ 1955ರ ಥಾಮಸ್ ಜಾನ್ಸನ್ ಆವೃತ್ತಿಯಲ್ಲಿದೆ. ಪುಕ್ಕಟೆ ಸಿಕ್ಕ ಹಳೆಯ ಪಾಠ ಇಟ್ಟುಕೊಂಡು ‘ಡಿಕಿನ್ಸನ್ ಅಡ್ಡಗೆರೆಗಳು’ ಅಂತ ಪ್ರಬಂಧ ಬರೆಯಲು ಕೂತರೆ ಅಡ್ಡಗೆರೆಗಳೇ ಸಿಗುವುದಿಲ್ಲ.

ಊರಲ್ಲಿ ಇಂಗ್ಲಿಷ್‌ಗೆ ಯಾವಾಗಲೂ ತೊಂಬತ್ತರ ಮೇಲೆ. ಇಲ್ಲಿ ಮೊದಲ ಪ್ರಬಂಧಕ್ಕೇ ಸಿ ಕೊಟ್ಟಿದ್ದಾರೆ. ಭಾಷೆ ಚೆನ್ನಾಗೇ ಇದೆಯಲ್ಲ?

ಭಾಷೆ ಚೆನ್ನಾಗಿರಬಹುದು, ಬರೆದದ್ದು ಕೇಳಿದ್ದಕ್ಕೆ ಉತ್ತರವಲ್ಲ. ನಮ್ಮ ಕಡೆಯ ಪರೀಕ್ಷೆಯಲ್ಲಿ ಪಾಠದ ಸಾರಾಂಶ ತಪ್ಪಿಲ್ಲದೆ, ಮುದ್ದಾದ ಅಕ್ಷರದಲ್ಲಿ ಬರೆದರೆ ಅಂಕ ಗ್ಯಾರಂಟಿ. ಇಲ್ಲಿ ಟೀಚರ್ ಕಥೆ ಓದಿಕೊಂಡೇ ಬಂದಿರುತ್ತಾರೆ. ಅದನ್ನು ಮತ್ತೆ ಹೇಳಿದರೆ ಅಂಚಿನಲ್ಲಿ ‘ಪ್ಲಾಟ್ ಸಮ್ಮರಿ’ ಎಂದು ಗೀಚಿ ಅಂಕ ಕಳೆಯುತ್ತಾರೆ. ಅವರಿಗೆ ಬೇಕಿರುವುದು ವಾದ: ಕೃತಿಯ ಬಗ್ಗೆ, ಇನ್ನೊಬ್ಬರು ಒಪ್ಪದೆಯೂ ಇರಬಹುದಾದ ಒಂದು ಮಾತು, ಅದಕ್ಕೆ ಕೃತಿಯ ಶಬ್ದಗಳಿಂದಲೇ ಆಧಾರ. ಸಿ ಬಂದ ಪ್ರಬಂಧವನ್ನು ಎದುರಿಗಿಟ್ಟುಕೊಂಡು ‘ನಂತರ ಏನಾಯಿತು’ ಎಂದು ಹೇಳುವ ವಾಕ್ಯಗಳಿಗೆಲ್ಲ ಒಂದು ಬಣ್ಣ, ‘ಇದರಿಂದ ಏನು ತಿಳಿಯುತ್ತದೆ, ಹೇಗೆ’ ಎನ್ನುವ ವಾಕ್ಯಗಳಿಗೆ ಇನ್ನೊಂದು ಬಣ್ಣ ಹಚ್ಚಿ ನೋಡಿ. ಮೊದಲ ಬಣ್ಣವೇ ಪುಟ ತುಂಬಿದ್ದರೆ ಕಾರಣ ಕೈಗೆ ಸಿಕ್ಕಿತು.

ಇನ್ನೊಂದು ಅಭ್ಯಾಸವೂ ಕಾಡುತ್ತದೆ. ಕೊನೆಗೆ ‘ಲೇಖಕರು ಸಮಾಜಕ್ಕೆ ಉತ್ತಮ ಸಂದೇಶ ನೀಡಿದ್ದಾರೆ’ ಎಂಬ ಥರದ ಮಂಗಳಾರತಿ. ಲೇಖಕರನ್ನು ಹೊಗಳಿದ್ದಕ್ಕೆ ಇಲ್ಲಿ ಅರ್ಧ ಅಂಕವೂ ಇಲ್ಲ.

ನಮಗೇ ಈ ಪುಸ್ತಕಗಳು ಗೊತ್ತಿಲ್ಲ. ಮನೆಯಲ್ಲಿ ಹೇಗೆ ಸಹಾಯ ಮಾಡೋದು?

ಪುಸ್ತಕ ಓದಿರಲೇಬೇಕಿಲ್ಲ. ಮಗು ತನ್ನ ವಾದವನ್ನು ಕನ್ನಡದಲ್ಲೇ ನಿಮಗೆ ಹೇಳಲಿ. ನೀವು ಕೇಳಬೇಕಾದದ್ದು ಮೂರೇ: ‘ಹಾಗಂತ ಪುಸ್ತಕದಲ್ಲಿ ಎಲ್ಲಿದೆ, ತೋರಿಸು’, ‘ಅದರಲ್ಲಿ ಯಾವ ಮಾತು ನೋಡಿ ಹಾಗನ್ನಿಸಿತು?’, ‘ಇಲ್ಲ, ಅದು ಹಾಗಲ್ಲ ಅಂತ ಯಾರಾದರೂ ಅಂದರೆ ಏನಂತೀಯ?’ ಮೂರನೆಯದಕ್ಕೆ ತಡವರಿಸಿದರೆ ಪ್ರಬಂಧ ಇನ್ನೂ ಬರೆಯುವ ಹದಕ್ಕೆ ಬಂದಿಲ್ಲ. ವಾಕ್ಯಗಳನ್ನು ಮಾತ್ರ ನೀವು ತಿದ್ದಲು ಹೋಗಬೇಡಿ. ಮಗುವಿನ ಕ್ಲಾಸ್ ಬರಹಕ್ಕೂ ಮನೆಯ ಬರಹಕ್ಕೂ ಅಜಗಜಾಂತರ ಕಂಡರೆ ಟೀಚರ್‌ಗೆ ಅನುಮಾನ ಬರುವುದು ಮಗುವಿನ ಮೇಲೆ.

## ಓದುವಾಗ

ಸ್ಕಾರ್ಲೆಟ್ ಲೆಟರ್ ಹತ್ತು ಪುಟ ದಾಟೋಕೂ ಆಗ್ತಿಲ್ಲ. ಸ್ಪಾರ್ಕ್‌ನೋಟ್ಸ್ ಓದಿದ್ರೆ ಸಾಕಾ?

ಮೊದಲು ನೋಡಿ, ನೀವು ಸಿಕ್ಕಿಕೊಂಡಿರುವುದು ‘ದಿ ಕಸ್ಟಮ್-ಹೌಸ್’ ಎಂಬ ಉದ್ದನೆಯ ಪೀಠಿಕೆಯಲ್ಲಿ ಇರಬಹುದು. ಅದು ಹಾಥಾರ್ನ್ ಸುಂಕದ ಕಚೇರಿಯಲ್ಲಿದ್ದ ದಿನಗಳ ಬರಹ, ಕಥೆ ಇನ್ನೂ ಶುರುವಾಗಿರುವುದಿಲ್ಲ. ಟೀಚರ್ ಕಡ್ಡಾಯ ಮಾಡಿಲ್ಲದಿದ್ದರೆ ಅದನ್ನು ಹಾರಿ ಮೊದಲ ಅಧ್ಯಾಯಕ್ಕೆ ಹೋಗಿ. ಅದು ಎರಡೇ ಪುಟದಷ್ಟು. 24 ಅಧ್ಯಾಯಗಳಲ್ಲಿ ಊರ ಮಧ್ಯದ ಶಿಕ್ಷೆಯ ಕಟ್ಟೆ ಮೂರು ಕಡೆ ಬರುತ್ತದೆ: ಆರಂಭದಲ್ಲಿ (2-3), ನಡುವೆ (12), ಕೊನೆಗೆ (23). ಈ ಮೂರನ್ನು ನಿಧಾನವಾಗಿ, ಎರಡೆರಡು ಸಲ ಓದಿದರೆ ಕಾದಂಬರಿಯ ಕಟ್ಟಡ ಕಣ್ಣಿಗೆ ಬೀಳುತ್ತದೆ, ಪ್ರಬಂಧಕ್ಕೂ ವಿಷಯ ಸಿಗುತ್ತದೆ.

ಸ್ಪಾರ್ಕ್‌ನೋಟ್ಸ್‌ನಂಥ ಸಾರಾಂಶದ ಸೈಟುಗಳನ್ನು ಅಧ್ಯಾಯ ಓದಿದ ಮೇಲೆ, ಅರ್ಥವಾಯಿತೇ ಎಂದು ತಾಳೆ ನೋಡಲು ಬಳಸಿ. ಮೊದಲೇ ಓದಿದರೆ ಅವರ ಅಭಿಪ್ರಾಯವೇ ತಲೆಯಲ್ಲಿ ಕೂತುಬಿಡುತ್ತದೆ. ಆ ಸೈಟಿನಲ್ಲಿರುವ ನಾಲ್ಕು ‘ಥೀಮ್’ಗಳನ್ನೇ ಇಡೀ ಕ್ಲಾಸು ಬರೆದಾಗ ಟೀಚರ್‌ಗೆ ಮೂಲ ಯಾವುದೆಂದು ಹೇಳಿಕೊಡಬೇಕಾಗಿಲ್ಲ.

ಹಕ್ ಫಿನ್‌ನ ಇಂಗ್ಲಿಷ್ ಇಂಗ್ಲಿಷ್ ಥರಾನೇ ಇಲ್ಲ. ಆ ಬೈಗುಳದ ಪದ ಬೇರೆ. ಹೇಗೆ ಓದೋದು?

ಕಿವಿಯಲ್ಲಿ ಓದಿ. ಆಡುಮಾತಿಗೆ ತಕ್ಕಂತೆ ಅಕ್ಷರ ಹೊಂದಿಸಿ ಬರೆದದ್ದು ಕಣ್ಣಿಗೆ ಕಗ್ಗ, ಕಿವಿಗೆ ಸಲೀಸು. ಆಡಿಯೊ ಬುಕ್ ಹಾಕಿಕೊಂಡು ಬೆರಳಿಟ್ಟು ಪುಟ ಅನುಸರಿಸಿದರೆ ಎರಡು-ಮೂರು ಅಧ್ಯಾಯದಲ್ಲಿ ಹಿಡಿತ ಬರುತ್ತದೆ. ಹರ್ಸ್ಟನ್‌ಳ ಕಾದಂಬರಿಗೂ ಇದೇ ಉಪಾಯ. ಧಾರವಾಡದ ಮಾತನ್ನೂ ಕುಂದಾಪುರದ ಮಾತನ್ನೂ ಕಥೆಗಳಲ್ಲಿ ಓದಿರುವ ಕನ್ನಡದವರಿಗೆ ಇದು ತೀರಾ ಹೊಸದೇನಲ್ಲ.

ಕರಿಯರನ್ನು ಹೀಯಾಳಿಸುವ ಆ ಪದ ಕಾದಂಬರಿಯಲ್ಲಿ 200ಕ್ಕೂ ಹೆಚ್ಚು ಬಾರಿ ಬರುತ್ತದೆ. ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವಾಗ ಅದನ್ನು ಉಚ್ಚರಿಸಬಾರದು, ಪ್ರಬಂಧದಲ್ಲಿ ಉದ್ಧರಿಸಬೇಕಾದರೆ ಮೊದಲಕ್ಷರ ಮತ್ತು ಗೆರೆ ಹಾಕಬೇಕು ಎಂಬ ನಿಯಮ ಹಲವು ಟೀಚರ್‌ಗಳದ್ದು. ನಿಮ್ಮ ಕ್ಲಾಸಿನ ನಿಯಮವನ್ನು ಮೊದಲ ದಿನವೇ ಕೇಳಿಕೊಳ್ಳಿ. ಊರಿಂದ ಹೊಸದಾಗಿ ಬಂದ ಮಕ್ಕಳಿಗೆ ಆ ಪದದ ಭಾರ ಗೊತ್ತಿರುವುದಿಲ್ಲ. ಮನೆಯಲ್ಲೇ ಹೇಳಿ ಕಳಿಸುವುದು ವಾಸಿ.

ದಿ ಕ್ರೂಸಿಬಲ್ ನಿಜವಾಗಿ ನಡೆದ ಕಥೆನಾ?

1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟದ ಆರೋಪದ ವಿಚಾರಣೆಗಳು ನಡೆದದ್ದು ನಿಜ. 19 ಜನರನ್ನು ನೇಣಿಗೆ ಹಾಕಿದರು. ಜೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಸಾಯಿಸಿದರು. ಸುಟ್ಟರು ಎಂದು ಪ್ರಬಂಧದಲ್ಲಿ ಬರೆಯಬೇಡಿ, ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ಆದರೆ ಅಬಿಗೇಲ್ ಎಂಬ ಹುಡುಗಿಗೂ ಜಾನ್ ಪ್ರಾಕ್ಟರ್ ಎಂಬ ರೈತನಿಗೂ ನಡುವೆ ನಾಟಕದಲ್ಲಿರುವ ಪ್ರೇಮದ ಎಳೆ ಮಿಲ್ಲರ್ ಕಟ್ಟಿದ್ದು. ನಿಜವಾದ ಅಬಿಗೇಲ್‌ಗೆ ಆಗ ಹನ್ನೊಂದೋ ಹನ್ನೆರಡೋ, ನಾಟಕದಲ್ಲಿ 17. ಪ್ರಾಕ್ಟರ್ ನಿಜಕ್ಕೆ ಅರವತ್ತರ ಆಸುಪಾಸಿನವನು. ಮಿಲ್ಲರ್ ನಾಟಕ ಬರೆದದ್ದು ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಅನುಮಾನದ ಮೇಲೆ ಜನರನ್ನು ವಿಚಾರಣೆಗೆ ಎಳೆಯುತ್ತಿದ್ದ ಕಾಲದಲ್ಲಿ. 1956ರಲ್ಲಿ ಅವನನ್ನೂ ಕರೆಸಿದರು. ‘ಇತಿಹಾಸಕ್ಕಿಂತ ಬೇರೆ ಮಾಡಿದ್ದಾನೆ’ ಎನ್ನುವುದು ತಪ್ಪು ಹುಡುಕುವ ಮಾತಾಗದೆ, ಯಾಕೆ ಬದಲಿಸಿದ ಎಂಬ ಪ್ರಶ್ನೆಯಾದರೆ ಒಳ್ಳೆಯ ಪ್ರಬಂಧ ಹುಟ್ಟುತ್ತದೆ.

ಪುಸ್ತಕದ ಅಂಚಲ್ಲಿ ಟಿಪ್ಪಣಿ ಬರೀರಿ ಅಂತಾರೆ. ಏನಂತ ಬರೀಲಿ?

ಹಳದಿ ಹೈಲೈಟರ್‌ನಿಂದ ಇಡೀ ಪುಟ ಬಳಿಯುವುದು ಟಿಪ್ಪಣಿಯಲ್ಲ. ಪುಟಕ್ಕೆ ಎರಡು-ಮೂರು ಗುರುತು ಸಾಕು: ಮತ್ತೆ ಬಂದ ಪದ ಅಥವಾ ವಸ್ತು, ವಿಚಿತ್ರ ಅನ್ನಿಸಿದ ಸಾಲು, ಪಾತ್ರದ ಮಾತಿಗೂ ನಡತೆಗೂ ಹೊಂದದ ಜಾಗ. ಗುರುತಿನ ಪಕ್ಕ ಯಾಕೆ ಎಂದು ನಾಲ್ಕು ಪದ. ಮೂರು ವಾರ ಬಿಟ್ಟು ಪ್ರಬಂಧ ಬರೆಯುವಾಗ ಕೆಲಸಕ್ಕೆ ಬರುವುದು ಆ ನಾಲ್ಕು ಪದವೇ. ಶಾಲೆಯ ಪುಸ್ತಕವಾದರೆ ಅಂಟುಚೀಟಿ ಬಳಸಿ.

ಇದರಲ್ಲೆಲ್ಲ ನಮ್ಮ ಕಡೆಯದು ಏನೂ ಇಲ್ವಾ?

ಇದೆ. ಥೋರೋ ವಾಲ್ಡನ್ ಕೆರೆಯ ದಡದಲ್ಲಿ ಭಗವದ್ಗೀತೆ ಓದುತ್ತಿದ್ದ. ‘ವಾಲ್ಡನ್’ನ ‘ದಿ ಪಾಂಡ್ ಇನ್ ವಿಂಟರ್’ ಅಧ್ಯಾಯದಲ್ಲಿ ಅದನ್ನೇ ಬರೆದಿದ್ದಾನೆ. ಎಮರ್ಸನ್ ‘ಬ್ರಹ್ಮ’ ಎಂಬ ಕವಿತೆಯನ್ನು 1857ರಲ್ಲಿ ಪ್ರಕಟಿಸಿದ. ಇನ್ನು ಮೈಸೂರಿನಲ್ಲಿ ಹುಟ್ಟಿ, 1960ರ ದಶಕದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಎ.ಕೆ. ರಾಮಾನುಜನ್ ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಕವಿ. ಅವರು ಮಾಡಿದ ವಚನಗಳ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ 1973ರದು. ಲೇಖಕರನ್ನು ನೀವೇ ಆರಿಸಿಕೊಳ್ಳುವ ಪ್ರಾಜೆಕ್ಟ್ ಬಂದರೆ ಇವರ ಇಂಗ್ಲಿಷ್ ಕವಿತೆಗಳನ್ನು ಧಾರಾಳವಾಗಿ ಎತ್ತಿಕೊಳ್ಳಿ. ಸುಮ್ಮನೆ ಅಭಿಮಾನಕ್ಕಾಗಿ ಎಲ್ಲ ಪ್ರಬಂಧಕ್ಕೂ ಗೀತೆಯನ್ನು ತುರುಕಿದರೆ ಮಾತ್ರ ವಿಷಯಾಂತರವಾಗುತ್ತದೆ.

## ಬರೆಯುವಾಗ

ಥೀಸಿಸ್ ಅಂದ್ರೆ ನಿಜವಾಗಿ ಏನು? ಬರೆದದ್ದಕ್ಕೆಲ್ಲ ‘ತುಂಬಾ ಸಾಮಾನ್ಯ’ ಅಂತ ವಾಪಸ್ ಬರುತ್ತೆ.

ಇಡೀ ಪ್ರಬಂಧ ಹೊರಬೇಕಾದ ವಾದವನ್ನು ಒಂದೋ ಎರಡೋ ವಾಕ್ಯದಲ್ಲಿ ಹೇಳಿದ್ದು. ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ನಾಯಕ ಗ್ಯಾಟ್ಸ್‌ಬಿ, ತಾನು ಪ್ರೀತಿಸಿದ ಡೇಸಿಯ ಮನೆಯ ದಕ್ಕೆಯ ಹಸಿರು ದೀಪವನ್ನು ಕೊಲ್ಲಿಯ ಈಚೆಯಿಂದ ನೋಡುತ್ತಿರುತ್ತಾನೆ. ‘ಗ್ಯಾಟ್ಸ್‌ಬಿಯಲ್ಲಿ ಹಸಿರು ದೀಪ ಒಂದು ಸಂಕೇತ’ ಥೀಸಿಸ್ ಅಲ್ಲ, ಯಾರೂ ಅಲ್ಲಗಳೆಯದ ಸಂಗತಿ. ‘ಫಿಟ್ಜ್‌ಜೆರಾಲ್ಡ್ ಅಮೆರಿಕನ್ ಕನಸನ್ನು ಟೀಕಿಸುತ್ತಾನೆ’ ಎನ್ನುವುದು ನೂರು ಪುಸ್ತಕಕ್ಕೆ ಹೊಂದುವ ಮಾತು. ‘ಗ್ಯಾಟ್ಸ್‌ಬಿಯ ಆಸೆ ಬದುಕಿರುವುದು ದೂರದಿಂದಲೇ, ಹಸಿರು ದೀಪ ದೂರದಲ್ಲಿದ್ದಾಗ ಬೆಳೆದು ಡೇಸಿ ಪಕ್ಕಕ್ಕೆ ಬಂದೊಡನೆ ಬರೀ ದೀಪವಾಗುವುದರ ಮೂಲಕ ಕಾದಂಬರಿ ಇದನ್ನು ತೋರಿಸುತ್ತದೆ’ ಎಂದರೆ ಥೀಸಿಸ್. ಇದರಲ್ಲಿ ಏನು ಎಂಬುದೂ ಇದೆ, ಹೇಗೆ ಎಂಬುದೂ ಇದೆ, ‘ಇಲ್ಲ, ಅವನು ಡೇಸಿಯನ್ನು ನಿಜಕ್ಕೂ ಪ್ರೀತಿಸಿದ್ದ’ ಎಂದು ಜಗಳಕ್ಕೆ ಬರುವವರಿಗೆ ಜಾಗವೂ ಇದೆ.

ಇದನ್ನು ಮೊದಲು ಬರೆದು ಸಾಕ್ಷಿ ಹುಡುಕುವುದಕ್ಕಿಂತ, ಐದಾರು ಸಾಲುಗಳನ್ನು ಆರಿಸಿಟ್ಟುಕೊಂಡು ಅವು ಒಟ್ಟಾಗಿ ಏನು ಹೇಳುತ್ತವೆ ಎಂದು ನೋಡುವುದು ಸುಲಭ. ಕರಡು ಮುಗಿದ ಮೇಲೆ ಥೀಸಿಸ್ ಮತ್ತೊಮ್ಮೆ ಬರೆಯಿರಿ. ಬರೆಯುತ್ತಾ ಅಭಿಪ್ರಾಯ ಸ್ವಲ್ಪವಾದರೂ ಸರಿದಿರುತ್ತದೆ.

ಪುಸ್ತಕದ ಸಾಲು ಹಾಕಿದೀನಿ, ಆದ್ರೂ ‘ವಿಶ್ಲೇಷಣೆ ಎಲ್ಲಿ’ ಅಂತಾರೆ.

ಉದ್ಧರಣೆ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಮೇಲಿನ ಥೀಸಿಸ್ಸಿನ ಒಂದು ಪ್ಯಾರಾ ಕಟ್ಟಿ ನೋಡೋಣ.

ವಿದ್ಯಾರ್ಥಿ ಸಾಮಾನ್ಯವಾಗಿ ಬರೆಯುವುದು: ‘ಮೊದಲ ಅಧ್ಯಾಯದ ಕೊನೆಯಲ್ಲಿ ಗ್ಯಾಟ್ಸ್‌ಬಿ ಕತ್ತಲಲ್ಲಿ ನಿಂತು ಹಸಿರು ದೀಪದ ಕಡೆ ಕೈ ಚಾಚುತ್ತಾನೆ. ಆಮೇಲೆ ಐದನೇ ಅಧ್ಯಾಯದಲ್ಲಿ ಡೇಸಿ ಸಿಗುತ್ತಾಳೆ. ಇದು ಅವನ ಆಸೆಯನ್ನು ತೋರಿಸುತ್ತದೆ.’ ಮೂರು ವಾಕ್ಯದಲ್ಲಿ ಎರಡು ಕಥೆ, ಒಂದು ಲೇಬಲ್.

ಈಗ ಹತ್ತಿರದಿಂದ ನೋಡಿ. ಮೊದಲ ಅಧ್ಯಾಯದಲ್ಲಿ ಕಥೆ ಹೇಳುವ ನಿಕ್‌ಗೆ ಕಾಣುವುದು ಒಂದೇ ಒಂದು ದೀಪ, ಚಿಕ್ಕದು, ತುಂಬಾ ದೂರದ್ದು, ಯಾವುದೋ ದಕ್ಕೆಯ ತುದಿಯದಿರಬಹುದು ಎಂಬಷ್ಟು ಅಸ್ಪಷ್ಟ. ಅಷ್ಟು ಪುಟ್ಟ ವಸ್ತುವಿನ ಎದುರು ಗ್ಯಾಟ್ಸ್‌ಬಿ ನಡುಗುತ್ತಿದ್ದಾನೆ. ಐದನೇ ಅಧ್ಯಾಯದಲ್ಲಿ ಡೇಸಿ ಪಕ್ಕದಲ್ಲೇ ಇದ್ದಾಳೆ. ಮಂಜು ಇಲ್ಲದಿದ್ದರೆ ಕೊಲ್ಲಿಯಾಚೆ ನಿನ್ನ ಮನೆ ಕಾಣುತ್ತಿತ್ತು, ಅಲ್ಲಿ ರಾತ್ರಿಯಿಡೀ ಹಸಿರು ದೀಪ ಉರಿಯುತ್ತದೆ ಎಂದು ಅವಳಿಗೆ ಹೇಳುತ್ತಾನೆ. ಹೇಳಿದ ಮೇಲೆ ಆ ದೀಪದ ಮಹತ್ವವೇ ಹೊರಟುಹೋಯಿತೇನೋ, ಅವನ ಮಾಯದ ವಸ್ತುಗಳ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು ಎಂದು ನಿಕ್ ಅಂದುಕೊಳ್ಳುತ್ತಾನೆ. ವಿಶ್ಲೇಷಣೆ ಇಲ್ಲಿಂದ: ಬಯಸಿದ್ದು ಕೈಗೆ ಸಿಕ್ಕ ಕ್ಷಣವನ್ನು ಲೇಖಕ ಲಾಭವೆಂದು ಬರೆಯದೆ ನಷ್ಟದ ಲೆಕ್ಕವಾಗಿ ಯಾಕೆ ಬರೆದ? ದೀಪದ ಮಾತು ಬಾಯಿಗೆ ಬರುವ ಹೊತ್ತಿಗೇ ಮಂಜು ಯಾಕೆ ಕವಿದಿದೆ? ಈ ಎರಡು ಪ್ರಶ್ನೆಗೆ ನಿಮ್ಮ ಉತ್ತರವೇ ಪ್ಯಾರಾದ ತಿರುಳು.

ಅಳತೆ ಬೇಕೆನ್ನುವವರಿಗೆ: ಪ್ಯಾರಾದ ಮೊದಲ ವಾಕ್ಯ ಥೀಸಿಸ್ಸಿನ ಒಂದು ತುಂಡನ್ನು ಹೇಳಲಿ. ಯಾರು, ಯಾವಾಗ ಎಂಬ ಸಂದರ್ಭಕ್ಕೆ ಒಂದು ವಾಕ್ಯ. ಉದ್ಧರಣೆ ಒಂದು ಸಾಲಿಗಿಂತ ಕಡಿಮೆ, ನಿಮ್ಮ ವಾಕ್ಯದೊಳಗೇ ಹೆಣೆದದ್ದು. ಅದರ ಬಗ್ಗೆ ಕನಿಷ್ಠ ಎರಡು-ಮೂರು ವಾಕ್ಯ ನಿಮ್ಮದು. ಉದ್ಧರಣೆಯಿಂದಲೇ ಪ್ಯಾರಾ ಶುರುವಾದರೆ ಅಥವಾ ಮುಗಿದರೆ ಬಹುತೇಕ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ.

ಐದು ಪ್ಯಾರಾ ಪ್ರಬಂಧ ಇನ್ನೂ ನಡೆಯುತ್ತಾ?

ಒಂಬತ್ತನೇ ಗ್ರೇಡಿಗೆ ಊರುಗೋಲಾಗಿ ಸರಿ. ಹನ್ನೊಂದರ ಹೊತ್ತಿಗೆ ತೊಡಕು, ಯಾಕೆಂದರೆ ಮೂರು ಅಂಶ ಬೇಕೆಂದು ಇಲ್ಲದ ಮೂರನೆಯದನ್ನು ಹುಟ್ಟಿಸುತ್ತೀರಿ. ಎರಡು ಅಂಶವನ್ನೇ ಆಳವಾಗಿ, ನಡುವೆ ಒಂದು ಆಕ್ಷೇಪಕ್ಕೆ ಉತ್ತರ ಕೊಟ್ಟು ಬರೆದರೆ ಹೆಚ್ಚು ಗಟ್ಟಿ. ಪ್ಯಾರಾಗಳನ್ನು ಅದಲುಬದಲು ಮಾಡಿದರೂ ಏನೂ ಕೆಡದಿದ್ದರೆ ಅದು ವಾದವಲ್ಲ, ಪಟ್ಟಿ.

‘ಐ’ ಬಳಸಬಹುದಾ? ಭೂತಕಾಲವೋ ವರ್ತಮಾನವೋ?

ಕೃತಿಯೊಳಗೆ ನಡೆಯುವುದನ್ನು ವರ್ತಮಾನದಲ್ಲಿ ಬರೆಯಿರಿ: (‘ಸ್ಕಾರ್ಲೆಟ್ ಲೆಟರ್’ನ ನಾಯಕಿ) ಹೆಸ್ಟರ್ ಕಟ್ಟೆಯ ಮೇಲೆ ನಿಲ್ಲುತ್ತಾಳೆ. ಲೇಖಕನ ಬದುಕು, ಇತಿಹಾಸ ಭೂತಕಾಲದಲ್ಲಿ. ‘ಐ ಥಿಂಕ್’, ‘ಇನ್ ಮೈ ಒಪೀನಿಯನ್’ ಅಳಿಸಿದರೆ ವಾಕ್ಯ ಗಟ್ಟಿಯಾಗುತ್ತದೆ. ನಿಮ್ಮ ಪ್ರಬಂಧದಲ್ಲಿ ಬೇರೆ ಯಾರ ಅಭಿಪ್ರಾಯವಿರಲು ಸಾಧ್ಯ?

ನಮ್ಮ ಮಕ್ಕಳ ಇಂಗ್ಲಿಷ್‌ನಲ್ಲಿ ಟೀಚರ್ ಪದೇ ಪದೇ ಗುರುತು ಹಾಕೋ ತಪ್ಪು ಯಾವುದು?

‘ಎ’, ‘ದಿ’ ಬಿಟ್ಟುಹೋಗುವುದು ಮೊದಲನೆಯದು, ಕನ್ನಡದಲ್ಲಿ ಅವಕ್ಕೆ ಸಮನಾದದ್ದು ಇಲ್ಲವಲ್ಲ. ‘ಡಿಸ್ಕಸ್ ಅಬೌಟ್’, ‘ಕೋಪ್ ಅಪ್ ವಿತ್’ ಊರಿನ ಬಳಕೆ, ಇಲ್ಲಿ ತಪ್ಪು. ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಅಲ್ಪವಿರಾಮ ಹಾಕುವುದಕ್ಕೆ ಕೆಂಪು ಗೆರೆ ಖಚಿತ. ‘ಕಲರ್’, ‘ಅನಲೈಜ್’ ಪದಗಳ ಬ್ರಿಟಿಷ್ ಕಾಗುಣಿತವನ್ನು ಅಮೆರಿಕನ್‌ಗೆ ಬದಲಿಸಿಕೊಳ್ಳಿ. ಒಂದೇ ಪ್ರಬಂಧದಲ್ಲಿ ಎರಡೂ ಬೆರೆತರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ.

## ಫಾರ್ಮ್ಯಾಟು, ಸಂಶೋಧನಾ ಪ್ರಬಂಧ

ಎಂಎಲ್‌ಎ ಫಾರ್ಮ್ಯಾಟ್ ಒಂದೇ ಕಡೆ ಹೇಳಿಬಿಡಿ.

ಎಂಎಲ್‌ಎ ಅಂದರೆ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್; ಪ್ರಬಂಧ ಜೋಡಿಸಲು, ಮೂಲ ಹೇಳಲು ಅದು ಮಾಡಿದ ನಿಯಮಗಳಿವು. ಈಗ ಚಾಲ್ತಿಯಲ್ಲಿರುವುದು 2021ರ ಒಂಬತ್ತನೇ ಆವೃತ್ತಿ. ಎಲ್ಲ ಕಡೆ ಒಂದು ಇಂಚು ಅಂಚು, ಓದಲು ಸುಲಭವಾದ ಫಾಂಟ್ (ಹೆಚ್ಚಿನವರು ಕೇಳುವುದು 12 ಪಾಯಿಂಟಿನ ಟೈಮ್ಸ್ ನ್ಯೂ ರೋಮನ್), ಮೊದಲಿಂದ ಕೊನೆಯವರೆಗೆ ಡಬಲ್ ಸ್ಪೇಸ್. ಬಲ ಮೇಲ್ತುದಿಯಲ್ಲಿ ಕೊನೆಯ ಹೆಸರು, ಪುಟಸಂಖ್ಯೆ. ಮೊದಲ ಪುಟದ ಎಡಕ್ಕೆ ನಾಲ್ಕು ಸಾಲು: ನಿಮ್ಮ ಹೆಸರು, ಟೀಚರ್ ಹೆಸರು, ಕೋರ್ಸು, ದಿನಾಂಕ. ಶೀರ್ಷಿಕೆ ಮಧ್ಯದಲ್ಲಿ; ದಪ್ಪಕ್ಷರವೂ ಬೇಡ, ಅಡಿಗೆರೆಯೂ ಬೇಡ. ಪ್ಯಾರಾ ಅರ್ಧ ಇಂಚು ಒಳಗಿಂದ.

ಉದ್ಧರಣೆಯ ನಂತರ ಆವರಣದಲ್ಲಿ ಲೇಖಕರ ಕೊನೆಯ ಹೆಸರು ಮತ್ತು ಪುಟ, ನಡುವೆ ಅಲ್ಪವಿರಾಮವಿಲ್ಲ, ಪೂರ್ಣವಿರಾಮ ಆವರಣದ ಆಚೆ. ನಿಮ್ಮ ಪುಟದಲ್ಲಿ ನಾಲ್ಕು ಸಾಲು ಮೀರುವ ಗದ್ಯವನ್ನೂ, ಮೂರು ಸಾಲು ಮೀರುವ ಪದ್ಯವನ್ನೂ ಉದ್ಧರಣ ಚಿಹ್ನೆಯಿಲ್ಲದೆ ಅರ್ಧ ಇಂಚು ಒಳಗೆ ಪ್ರತ್ಯೇಕವಾಗಿ ಇಡಿ. ಆಗ ಮಾತ್ರ ಪೂರ್ಣವಿರಾಮ ಆವರಣಕ್ಕೆ ಮೊದಲು. ಕಾದಂಬರಿ, ನಾಟಕದ ಹೆಸರು ಇಟಾಲಿಕ್ಸ್. ಕವಿತೆ, ಸಣ್ಣಕಥೆಯ ಹೆಸರು ಉದ್ಧರಣ ಚಿಹ್ನೆಯೊಳಗೆ. ಕೊನೆಗೆ ಹೊಸ ಪುಟದಲ್ಲಿ ‘ವರ್ಕ್ಸ್ ಸೈಟೆಡ್’, ಅಕಾರಾದಿಯಾಗಿ, ಎರಡನೇ ಸಾಲಿನಿಂದ ಅರ್ಧ ಇಂಚು ಒಳಕ್ಕೆ. ಆನ್‌ಲೈನ್ ಸೈಟೇಶನ್ ಯಂತ್ರಗಳು ದೊಡ್ಡಕ್ಷರವನ್ನೂ ಪ್ರಕಾಶಕರ ಹೆಸರನ್ನೂ ಆಗಾಗ ತಪ್ಪು ಮಾಡುತ್ತವೆ. ಕಣ್ಣಾಡಿಸದೆ ಅಂಟಿಸಬೇಡಿ.

ಜೂನಿಯರ್ ವರ್ಷದ (ಹನ್ನೊಂದನೇ ಗ್ರೇಡಿನ) ರಿಸರ್ಚ್ ಪೇಪರ್‌ಗೆ ಮೂಲಗಳು ಎಲ್ಲಿ ಸಿಗುತ್ತವೆ? ಗೂಗಲ್ ಸಾಲದಂತೆ.

ಶಾಲೆಯ ಲೈಬ್ರರಿಯನ್‌ರನ್ನು ಮೊದಲು ಕೇಳಿ. ಇದು ಅವರ ಕೆಲಸ, ಕೇಳುವ ಮಕ್ಕಳು ಕಡಿಮೆ. ಅನೇಕ ಕೌಂಟಿ ಗ್ರಂಥಾಲಯಗಳ ಕಾರ್ಡ್ ಇದ್ದರೆ ಗೇಲ್, ಎಬ್ಸ್ಕೊ ಎಂಬ ಲೇಖನಗಳ ಡೇಟಾಬೇಸುಗಳು ಮನೆಯಿಂದಲೇ ತೆರೆಯುತ್ತವೆ. ಜೆಸ್ಟೋರ್‌ನಲ್ಲೂ ಉಚಿತ ಖಾತೆಯಿಂದ ಒಂದಿಷ್ಟು ಲೇಖನ ಓದಬಹುದು. ಹುಡುಕುವಾಗ ಕೃತಿಯ ಹೆಸರಿನ ಜೊತೆ ನಿಮ್ಮ ವಾದದ ಪದ ಸೇರಿಸಿ. ಬರೀ ‘ಗ್ಯಾಟ್ಸ್‌ಬಿ’ ಎಂದರೆ ರಾಶಿ ಬೀಳುತ್ತದೆ. 25 ಪುಟದ ವಿಮರ್ಶಾ ಲೇಖನ ಸಿಕ್ಕರೆ ಮೊದಲ ಎರಡು ಪುಟ, ಕೊನೆಯ ಒಂದು ಪುಟ ಓದಿ, ಉಪಯೋಗವಿದ್ದರೆ ಮಾತ್ರ ನಡುವಿಗೆ ಹೋಗಿ. ಟಿಪ್ಪಣಿ ಮಾಡುವಾಗಲೇ ಪುಟಸಂಖ್ಯೆ ಬರೆದುಕೊಳ್ಳದಿದ್ದರೆ ಕೊನೆಯ ರಾತ್ರಿ ಅದನ್ನು ಹುಡುಕುವುದರಲ್ಲೇ ಬೆಳಗಾಗುತ್ತದೆ. ವಿಮರ್ಶಕರ ಮಾತನ್ನು ತೀರ್ಪಿನಂತೆ ಕೊನೆಗೆ ಇಡುವುದಕ್ಕಿಂತ, ಒಪ್ಪಿ ಮುಂದುವರಿಸಿ ಇಲ್ಲವೇ ತಕರಾರು ತೆಗೆಯಿರಿ.

ಚಾಟ್‌ಜಿಪಿಟಿ ಬಳಸಿಲ್ಲ, ಆದ್ರೂ ಬಳಸಿದ್ದಾನೆ ಅಂತ ಅನುಮಾನ ಪಟ್ಟಿದ್ದಾರೆ. ಈಗೇನು?

ಎಐ ಪತ್ತೆ ಮಾಡುವ ಸಾಧನಗಳು ತಪ್ಪುತ್ತವೆ. ಗೂಗಲ್ ಡಾಕ್ಸ್‌ನಲ್ಲೇ ಬರೆದಿದ್ದರೆ ವರ್ಷನ್ ಹಿಸ್ಟರಿ ತೆರೆದು ಕರಡು ಹೇಗೆ ಬೆಳೆಯಿತೆಂದು ತೋರಿಸಿ. ಕೈಬರಹದ ಟಿಪ್ಪಣಿ, ಅಂಚುಬರಹ ಜೊತೆಗೊಯ್ಯಿರಿ. ಪ್ರಬಂಧದ ಬಗ್ಗೆ ಬಾಯಲ್ಲೇ ಪ್ರಶ್ನೆ ಕೇಳಿ ಎನ್ನಿ. ಇನ್ನೆಲ್ಲೋ ಬರೆದು ಒಂದೇ ಸಲಕ್ಕೆ ಅಂಟಿಸಿದರೆ ಈ ಆಧಾರ ಇರುವುದಿಲ್ಲ. ವ್ಯಾಕರಣ ತಿದ್ದುವ ಸಾಧನ ಇಡೀ ವಾಕ್ಯವನ್ನೇ ಬದಲಿಸಿದರೆ ಅದನ್ನೂ ಕೆಲವು ಟೀಚರ್‌ಗಳು ಒಪ್ಪುವುದಿಲ್ಲ, ಮೊದಲೇ ಕೇಳಿ.

## ಎಪಿ ಮಟ್ಟ

ಹನ್ನೊಂದರಲ್ಲಿ ಎಪಿ ಲ್ಯಾಂಗ್ ತಗೊಂಡ್ರೆ ಅಮೆರಿಕನ್ ಸಾಹಿತ್ಯ ತಪ್ಪಿಹೋಗುತ್ತಾ?

ಶಾಲೆಯ ಮೇಲಿದೆ. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಎಪಿ ಲ್ಯಾಂಗ್ವೇಜ್ ಕೋರ್ಸಿನ ಗಮನ ಕಥೆ-ಕವಿತೆಗಿಂತ ಪ್ರಬಂಧ, ಭಾಷಣ, ಪತ್ರಗಳ ಮೇಲೆ. ಹಲವು ಶಾಲೆಗಳು ಅಮೆರಿಕನ್ ಬರಹಗಳನ್ನೇ ಆರಿಸಿ ಎರಡನ್ನೂ ಒಟ್ಟಿಗೆ ಕಲಿಸುತ್ತವೆ. ಎಪಿ ಲಿಟರೇಚರ್ ಬೇರೆಯೇ ಕೋರ್ಸು, ಹೆಚ್ಚಾಗಿ ಹನ್ನೆರಡರಲ್ಲಿ. ಪುಸ್ತಕ ಓದುವ ಹುಚ್ಚಿರುವ ಮಗುವಿಗೆ ಲ್ಯಾಂಗ್ ಮೊದಮೊದಲು ಸಪ್ಪೆ ಅನ್ನಿಸಬಹುದು. ಪತ್ರಿಕೆ ಓದಿ ವಾದ ಹೂಡುವವರಿಗೆ ಹೇಳಿ ಮಾಡಿಸಿದ್ದು.

ಪರೀಕ್ಷೆಯಲ್ಲಿ 45 ಬಹುಆಯ್ಕೆ ಪ್ರಶ್ನೆಗೆ ಒಂದು ಗಂಟೆ, 45% ತೂಕ. ಮೂರು ಪ್ರಬಂಧಕ್ಕೆ, ಓದುವ 15 ನಿಮಿಷ ಸೇರಿ, ಎರಡೂಕಾಲು ಗಂಟೆ, 55% ತೂಕ. ಪ್ರತಿ ಪ್ರಬಂಧಕ್ಕೆ 6 ಅಂಕ: ಥೀಸಿಸ್‌ಗೆ 1, ಸಾಕ್ಷಿ ಮತ್ತು ವಿವರಣೆಗೆ 4, ಸೂಕ್ಷ್ಮತೆಗೆ 1. ಆ ಕೊನೆಯ ಒಂದರ ಆಸೆಗೆ ಕಠಿಣ ಪದಗಳನ್ನು ತುಂಬಿ, ನಡುವಿನ ನಾಲ್ಕನ್ನು ಕಳೆದುಕೊಳ್ಳುವವರೇ ಜಾಸ್ತಿ.

ರೆಟರಿಕಲ್ ಅನಾಲಿಸಿಸ್‌ನಲ್ಲಿ (ಮಾತು ಹೇಗೆ ಮನವೊಲಿಸುತ್ತದೆ ಎಂದು ಬಿಡಿಸುವ ಪ್ರಬಂಧ) ಈಥೋಸ್, ಪೇಥೋಸ್, ಲೋಗೋಸ್ ಎಲ್ಲ ಬರೆದೆ. ಆದ್ರೂ ಸಾಕ್ಷಿ-ವಿವರಣೆಗೆ ನಾಲ್ಕರಲ್ಲಿ ಎರಡೇ.

ಯಾವ ಭಾಷಣದಲ್ಲಾದರೂ ಆ ಮೂರೂ (ಮಾತಾಡುವವರ ವಿಶ್ವಾಸಾರ್ಹತೆ, ಭಾವನೆ, ತರ್ಕ) ಸಿಗುತ್ತವೆ, ಹಾಗಾಗಿ ಹೆಸರಿಸಿದ್ದರಿಂದ ಏನೂ ಹೇಳಿದಂತಾಗಲಿಲ್ಲ. ಈ ಭಾಷಣಕಾರ, ಈ ಜನರ ಮುಂದೆ, ಈ ಹೊತ್ತಿನಲ್ಲಿ ಈ ಮಾತನ್ನು ಯಾಕೆ ಆರಿಸಿದ ಎಂದು ಹೇಳಬೇಕು. ಅಭ್ಯಾಸಕ್ಕೆ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮರ್ಪಣೆಯ ಸಮಾರಂಭದಲ್ಲಿ ಲಿಂಕನ್ ಮಾಡಿದ 1863ರ ಗೆಟಿಸ್‌ಬರ್ಗ್ ಭಾಷಣ ತೆಗೆದುಕೊಳ್ಳಿ, ಸುಮಾರು 270 ಪದ. ‘ಡೆಡಿಕೇಟ್’ ಪದದ ರೂಪಗಳು ಆರು ಬಾರಿ ಬರುತ್ತವೆ. ಮೊದಲು ದೇಶ ಒಂದು ತತ್ತ್ವಕ್ಕೆ ಅರ್ಪಿತವಾದದ್ದು, ಆಮೇಲೆ ಸ್ಮಶಾನದ ನೆಲವನ್ನು ಅರ್ಪಿಸಲು ಬಂದಿದ್ದೇವೆ, ಮರುಕ್ಷಣವೇ ಈ ನೆಲವನ್ನು ಅರ್ಪಿಸಲು ನಮ್ಮಿಂದಾಗದು, ಕೊನೆಗೆ ಬದುಕಿರುವ ನಾವೇ ಉಳಿದ ಕೆಲಸಕ್ಕೆ ಅರ್ಪಿತರಾಗಬೇಕು. ಸಮಾರಂಭಕ್ಕೆಂದು ಬಂದ ಜನರ ಕೈಗೆ ಯುದ್ಧ ಮುಗಿಸುವ ಹೊಣೆಯನ್ನು ದಾಟಿಸಿಬಿಟ್ಟರು. ಇಡೀ ಭಾಷಣದಲ್ಲಿ ‘ನಾನು’ ಎಂಬ ಮಾತೇ ಇಲ್ಲ, ಬರೀ ‘ನಾವು’ ಎಂಬುದನ್ನೂ ಇದಕ್ಕೆ ಹೊಂದಿಸಿ. ಮೊದಲ ಸುತ್ತಿಗೆ ಗಡಿಯಾರ ಬೇಡ. ಎರಡನೆಯದಕ್ಕೆ ಬೇರೆ ಭಾಷಣ ಹಿಡಿದು, 40 ನಿಮಿಷ ಇಟ್ಟುಕೊಂಡು, ಅದರಲ್ಲಿ ಮೊದಲ ಎಂಟು-ಹತ್ತು ನಿಮಿಷ ಬರೆಯದೆ ಬರೀ ಗುರುತು ಹಾಕಿ.